ಒಮ್ಮೆ ಮತ ಹಾಕಿ ಆಯ್ತು, ಮತ್ತೆ ಕೇಳಬಹುದಾ? ಎರಡನೇ ಜನಮತಗಣನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಒಂದು ಕಾಲೇಜಿನ ಚರ್ಚಾ ಸ್ಪರ್ಧೆಗೆ ಜಡ್ಜ್ ಆಗಿ ಹೋಗಿದ್ದೆ. ವಿಷಯ ಇದೇ. ದೇಶವನ್ನೇ ಎರಡು ಪಾಲು ಮಾಡುವಂಥ ಒಂದು ತೀರ್ಮಾನಕ್ಕೆ ಜನ ಒಮ್ಮೆ ಮತ ಹಾಕಿ ಆದ ಮೇಲೆ ಅದನ್ನು ಮತ್ತೆ ಅವರ ಮುಂದೆ ಇಡಬಹುದಾ? ಸ್ಪರ್ಧೆ ಮುಗಿದು ಕ್ಯಾಂಟೀನಿಗೆ ಬಂದರೂ ಮಕ್ಕಳು ಬಿಡಲಿಲ್ಲ. ಬನ್ಸ್ ತಣ್ಣಗಾಯಿತು, ಪ್ರಶ್ನೆ ಮುಗಿಯಲಿಲ್ಲ. ಆಮೇಲೆ ನೆಂಟರು, ನಮ್ಮ ಫ್ಲ್ಯಾಟಿನವರು ಕೇಳಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಉತ್ತರ ಇಷ್ಟ ಆಗಲಿಲ್ಲ ಅಂತ ಅದೇ ಪ್ರಶ್ನೆಯನ್ನು ಮತ್ತೆ ಕೇಳುವುದು ತಪ್ಪು. ಆದರೆ ಮೊದಲ ಸಲ ಬರೀ ಯಾವ ದಾರಿ ಅಂತ ಕೇಳಿ, ಆಮೇಲೆ ಖರ್ಚು ಎಷ್ಟು ಅಂತ ಗೊತ್ತಾದಾಗ ಜನರನ್ನು ಕೇಳದೆ ಮುಂದೆ ಹೋಗುವುದು ಅದಕ್ಕಿಂತ ದೊಡ್ಡ ತಪ್ಪು.

ಜನಮತಗಣನೆ ಅಂದ್ರೆ ಚುನಾವಣೆಯೇ ಅಲ್ವಾ?

ಅಲ್ಲ. ಚುನಾವಣೆಯಲ್ಲಿ ಒಬ್ಬ ವ್ಯಕ್ತಿಯನ್ನು ಆರಿಸುತ್ತೇವೆ. ಜನಮತಗಣನೆಯಲ್ಲಿ ಒಂದು ವಿಷಯಕ್ಕೆ ನೇರವಾಗಿ ಹೌದು ಅಥವಾ ಬೇಡ ಅನ್ನುತ್ತೇವೆ. ಎಂಎಲ್‌ಎ ಸರಿ ಇಲ್ಲದಿದ್ದರೆ ಐದು ವರ್ಷಕ್ಕೆ ಬದಲಿಸಬಹುದು. ಜನಮತಗಣನೆಯ ಉತ್ತರಕ್ಕೆ ಅಂಥ ಅವಧಿ ಇಲ್ಲ. ಎರಡನೇ ಸಲದ ಜಗಳ ಹುಟ್ಟುವುದೇ ಅಲ್ಲಿಂದ.

ಮಂಗಳೂರಿನಲ್ಲಿ ಕೂತು ಬ್ರೆಕ್ಸಿಟ್ ಚಿಂತೆ ನಮಗೆ ಯಾಕೆ?

ಬ್ರೆಕ್ಸಿಟ್ ಅಂದ್ರೆ ಯುರೋಪಿನ ದೇಶಗಳ ಕೂಟವಾದ ಐರೋಪ್ಯ ಒಕ್ಕೂಟವನ್ನು ಬ್ರಿಟನ್ ಬಿಟ್ಟು ಹೊರಬಂದದ್ದು, ಜನಮತಗಣನೆ ಮಾಡಿ. ಶಿರ್ವದ ನನ್ನ ಚಿಕ್ಕಮ್ಮನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. 2016ರಲ್ಲಿ ಅವಳೂ ಮತ ಹಾಕಿದಳು, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ! ಕಾಮನ್‌ವೆಲ್ತ್ ದೇಶದವರು ಬ್ರಿಟನ್ನಿನಲ್ಲಿ ಕಾನೂನು ಪ್ರಕಾರ ವಾಸ ಇದ್ದರೆ ಅವರಿಗೆ ಮತದಾನದ ಹಕ್ಕು ಉಂಟು. ಅವಳ ಜೊತೆ ಅದೇ ವಾರ್ಡಿನಲ್ಲಿ ಕೆಲಸ ಮಾಡುವ ಪೋಲೆಂಡಿನ ನರ್ಸಿಗೆ ಈ ವಿಷಯದಲ್ಲಿ ಮತ ಇರಲಿಲ್ಲ. ಐರೋಪ್ಯ ಒಕ್ಕೂಟದ ಪ್ರಜೆಗಳಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರಿಗೆ ಮಾತ್ರ ಇತ್ತು. ಯಾರ ಬದುಕು ತಲೆಕೆಳಗಾಗುತ್ತದೋ ಅವಳಿಗೆ ಮತ ಇಲ್ಲ, ನನಗೆ ಉಂಟು ಅಂತ ನನ್ನ ತಂಗಿಗೆ ಆ ದಿನ ತುಂಬ ಬೇಜಾರಾಗಿತ್ತು. "ಅಕ್ಕ, ನಾನು ಚೀಟಿ ಮಡಚುವಾಗ ಅವಳ ಮುಖವೇ ಕಣ್ಣಿಗೆ ಬರ್ತಾ ಇತ್ತು" ಅಂದಿದ್ದಳು.

ನಮ್ಮ ಕರಾವಳಿಯಿಂದ ಅಲ್ಲಿಗೆ ಹೋದ ನರ್ಸುಗಳು, ಇಂಜಿನಿಯರುಗಳು, ಓದುವ ಮಕ್ಕಳು ಕಡಿಮೆ ಇಲ್ಲ. ಅದು ಒಂದು ಕಾರಣ. ಇನ್ನೊಂದು ಕಾರಣ, ಇಂಥ ಪ್ರಶ್ನೆ ಫ್ಲ್ಯಾಟಿನ ಮೀಟಿಂಗಿನಲ್ಲೂ ಬರುತ್ತದೆ. ಅದನ್ನು ಕೆಳಗೆ ಹೇಳುತ್ತೇನೆ.

ಬ್ರಿಟನ್ನಿನಲ್ಲಿ ನಿಜವಾಗಿ ನಡೆದದ್ದೇನು?

2016ರ ಜೂನ್ 23ರಂದು ಮತದಾನ. ಒಕ್ಕೂಟದಲ್ಲಿ ಉಳಿಯಬೇಕಾ, ಬಿಡಬೇಕಾ ಅಂತ ಎರಡೇ ಆಯ್ಕೆ. ಬಿಡಬೇಕು ಅಂದವರು ಶೇ. 51.9, ಉಳಿಯಬೇಕು ಅಂದವರು ಶೇ. 48.1. ಮತದಾನ ಶೇ. 72. ಸುಮಾರು 1 ಕೋಟಿ 74 ಲಕ್ಷ ಜನ ಒಂದು ಕಡೆ, 1 ಕೋಟಿ 61 ಲಕ್ಷ ಜನ ಇನ್ನೊಂದು ಕಡೆ. ಸ್ಕಾಟ್ಲೆಂಡಿನಲ್ಲಿ ಶೇ. 62 ಜನ ಉಳಿಯೋಣ ಅಂದಿದ್ದರು, ಉತ್ತರ ಐರ್ಲೆಂಡಿನಲ್ಲೂ ಉಳಿಯೋಣ ಅಂದವರೇ ಜಾಸ್ತಿ.

ಬಿಡುವುದು ಅಂದ್ರೆ ಏನು ಅಂತ ಆ ಚೀಟಿಯಲ್ಲಿ ಬರೆದಿರಲಿಲ್ಲ, ಬರೆಯಲಿಕ್ಕೆ ಆಗುತ್ತಲೂ ಇರಲಿಲ್ಲ. ನಾರ್ವೆ ಥರ ಹೊರಗೆ ಇದ್ದುಕೊಂಡು ಮಾರುಕಟ್ಟೆಯಲ್ಲಿ ಇರುವುದಾ, ಸುಂಕದ ಒಪ್ಪಂದ ಮಾತ್ರ ಇಟ್ಟುಕೊಳ್ಳುವುದಾ, ಏನೂ ಬೇಡ ಅಂತ ಪೂರ್ತಿ ಕಡಿದುಕೊಳ್ಳುವುದಾ? ಮೂರೂ ಬೇರೆ ಬೇರೆ. ಮೂರರ ಬೆಲೆಯೂ ಬೇರೆ ಬೇರೆ. ಇದು ಸ್ಪಷ್ಟ ಆಗಲಿಕ್ಕೆ ಎರಡು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಆಗಿನ ಪ್ರಧಾನಿ ಥೆರೆಸಾ ಮೇ ಅವರು ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದ ಸಿದ್ಧ ಆದದ್ದು 2018ರ ನವೆಂಬರಿನಲ್ಲಿ. 2019ರ ಜನವರಿ 15ರಂದು ಪಾರ್ಲಿಮೆಂಟ್ ಅದನ್ನು 432ಕ್ಕೆ 202 ಮತಗಳಿಂದ ತಿರಸ್ಕರಿಸಿತು. ಮಾರ್ಚ್‌ನಲ್ಲಿ ಮತ್ತೆ ಎರಡು ಸಲ ತಂದರು, ಎರಡು ಸಲವೂ ಬಿತ್ತು. ಜನರನ್ನು ಎರಡನೇ ಸಲ ಕೇಳಬಾರದು ಅನ್ನುತ್ತಿದ್ದ ಸರ್ಕಾರ ಎಂಪಿಗಳನ್ನು ಮೂರು ಸಲ ಕೇಳಿತು. ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ.

ಎರಡನೇ ಜನಮತಗಣನೆ ಬೇಕು ಅಂತ ಲಂಡನ್ನಿನ ಬೀದಿಯಲ್ಲಿ 2018ರ ಅಕ್ಟೋಬರಿನಲ್ಲೂ 2019ರ ಮಾರ್ಚಿನಲ್ಲೂ ದೊಡ್ಡ ದೊಡ್ಡ ಮೆರವಣಿಗೆ ನಡೆದವು. ಯಾವ ಒಪ್ಪಂದ ಆದರೂ ಜನರ ಒಪ್ಪಿಗೆ ಪಡೆಯಬೇಕು ಅನ್ನುವ ನಿರ್ಣಯ 2019ರ ಏಪ್ರಿಲ್ 1ರಂದು ಪಾರ್ಲಿಮೆಂಟಿನಲ್ಲಿ 280ಕ್ಕೆ 292 ಮತಗಳಿಂದ ಸೋತಿತು. ಬರೀ 12 ಮತ. ಆಮೇಲೆ ಡಿಸೆಂಬರ್ 12ರ ಚುನಾವಣೆಯಲ್ಲಿ ಬೋರಿಸ್ ಜಾನ್ಸನ್ ಅವರ ಕನ್ಸರ್ವೇಟಿವ್ ಪಕ್ಷ 365 ಸೀಟು ಗೆದ್ದಿತು, 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು.

ಉತ್ತರ ಐರ್ಲೆಂಡಿನ ಗಡಿ ಯಾಕೆ ಅಷ್ಟು ದೊಡ್ಡ ಸಮಸ್ಯೆ ಆಯ್ತು?

ಇದನ್ನು ನಮ್ಮವರಿಗೆ ಅರ್ಥ ಮಾಡಿಸುವುದು ಸುಲಭ, ಕೇರಳ ಗಡಿಯ ತಲಪಾಡಿ ನೆನಪು ಮಾಡಿಕೊಳ್ಳಿ. ಮಂಜೇಶ್ವರ, ಉಪ್ಪಳದ ಜನರಿಗೆ ಆಸ್ಪತ್ರೆ, ಕಾಲೇಜು, ಅಂಗಡಿ ಎಲ್ಲ ಮಂಗಳೂರೇ. ಗಡಿ ಅನ್ನುವುದು ಬರೀ ಒಂದು ಬೋರ್ಡ್. 2020ರ ಲಾಕ್‌ಡೌನಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗಲೇ ಅಲ್ಲಿ ಒಂದು ಗಡಿ ಉಂಟು ಅಂತ ಎಲ್ಲರಿಗೂ ಗೊತ್ತಾದದ್ದು. ಆಂಬ್ಯುಲೆನ್ಸ್ ಬಿಡುವ ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯಿತು.

ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ, ಪಕ್ಕದ ಐರ್ಲೆಂಡ್ ಬೇರೆಯೇ ದೇಶ, ಒಕ್ಕೂಟದ ಸದಸ್ಯ. ಎರಡರ ಮಧ್ಯೆ ಸುಮಾರು 500 ಕಿಲೋಮೀಟರ್ ಗಡಿ. 1998ರ ಶಾಂತಿ ಒಪ್ಪಂದದ ನಂತರ ಅದು ಹೆಚ್ಚುಕಡಿಮೆ ಮಾಯ ಆಗಿತ್ತು. ಬ್ರಿಟನ್ ಹೊರಬಂದರೆ ಅದು ಐರೋಪ್ಯ ಒಕ್ಕೂಟದ ಗಡಿ ಆಗುತ್ತದೆ, ತಪಾಸಣೆ ಎಲ್ಲಿ ಮಾಡುವುದು? 2016ರ ಪ್ರಚಾರದಲ್ಲಿ ಇಂಗ್ಲೆಂಡಿನ ಮತದಾರರ ಕಿವಿಗೆ ಈ ಮಾತು ಸರಿಯಾಗಿ ಬೀಳಲೇ ಇಲ್ಲ. ಒಪ್ಪಂದಗಳು ಮುಗ್ಗರಿಸಿದ್ದು ಮುಖ್ಯವಾಗಿ ಇದೇ ವಿಷಯದಲ್ಲಿ.

ಒಮ್ಮೆ ತೀರ್ಮಾನ ಆದ ಮೇಲೆ ಮತ್ತೆ ಕೇಳುವುದು ಗೆದ್ದವರಿಗೆ ಮೋಸ ಅಲ್ವಾ?

ಈ ಪ್ರಶ್ನೆಯನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ, ಯಾಕಂದ್ರೆ ಇದೇ ಮಾತನ್ನು ನಮ್ಮ ಫ್ಲ್ಯಾಟಿನ ಮೀಟಿಂಗಿನಲ್ಲಿ ನಾನೇ ಹೇಳಿದ್ದೆ.

ಬಿಜೈಯಲ್ಲಿ ನಮ್ಮದು 24 ಮನೆಗಳ ಹಳೇ ಬಿಲ್ಡಿಂಗ್. ಒಂದು ಆಗಸ್ಟ್‌ನಲ್ಲಿ, ಹೊರಗೆ ಧಾರಾಕಾರ ಮಳೆ ಸುರಿಯುತ್ತಿರುವಾಗ, ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್ ಮಾಡಿದೆವು. ಮೇಲಿನ ಮನೆಗಳ ಗೋಡೆಯಲ್ಲಿ ನೀರು ಇಳಿಯುತ್ತಿತ್ತು, ಬೀರುವಿನ ಸೀರೆಗಳಿಗೆಲ್ಲ ಬೂಸಲು ಹಿಡಿದಿತ್ತು. ಇಡೀ ಟೆರೇಸಿಗೆ ಶೀಟ್ ಹಾಕಿಸೋಣ ಅಂತ ಪ್ರಸ್ತಾಪ ಬಂತು. ಮಂಗಳೂರಿನಲ್ಲಿ ಯಾವ ಬಿಲ್ಡಿಂಗ್ ನೋಡಿದರೂ ತಲೆ ಮೇಲೆ ಒಂದು ಶೀಟ್ ಇರುತ್ತದೆ, ಅಲ್ವಾ. ಕೈ ಎತ್ತಿದರು. 13 ಬೇಕು, 11 ಬೇಡ. ನಾನು 13ರಲ್ಲಿ ಒಬ್ಬಳು.

ನವೆಂಬರಿನಲ್ಲಿ ಕೊಟೇಶನ್ ಬಂತು. ಒಟ್ಟು 12 ಲಕ್ಷ, ಮನೆಗೆ 50,000. ಎಲ್ಲರ ಸೋಲಾರ್ ಬಿಸಿನೀರಿನ ಟ್ಯಾಂಕುಗಳನ್ನು ತೆಗೆದು ಶೀಟಿನ ಮೇಲೆ ಕೂರಿಸಬೇಕು, ಅದರ ಖರ್ಚು ಬೇರೆ. ಟೆರೇಸಿಗೆ ಬಿಸಿಲು ಬೀಳುವುದಿಲ್ಲ. ಕೆಳಗಿನ ಮನೆಯ ರಿಟೈರ್ಡ್ ಟೀಚರ್ ಒಬ್ಬರು ಪ್ರತಿ ವರ್ಷ ಏಪ್ರಿಲ್ ಮೇ ತಿಂಗಳಲ್ಲಿ ಅಲ್ಲೇ ಚಾಪೆ ಹಾಸಿ ಹಲಸಿನ ಹಪ್ಪಳ, ಮಾಂಬಳ ಒಣಗಿಸುವುದು. ಆಗಸ್ಟ್‌ನಲ್ಲಿ ಅವರೂ ಕೈ ಎತ್ತಿದ್ದರು. ಈಗ ಎದ್ದು ನಿಂತು ಹೇಳಿದರು: "ನಾನು ಕೈ ಎತ್ತಿದ್ದು ಮೇಲಿನವರ ಮನೆ ಸೋರುವುದು ನಿಲ್ಲಲಿ ಅಂತ. ಇದಕ್ಕೆಲ್ಲ ನಾನು ಯಾವಾಗ ಹೂಂ ಅಂದೆ ಮಾರಾಯ್ರೆ?"

ನಾನು ತಕ್ಷಣ, ಒಮ್ಮೆ ಆದದ್ದು ಆಯ್ತು ಟೀಚರೇ, ಮತ್ತೆ ಮತ್ತೆ ಕೇಳ್ತಾ ಕೂತರೆ ಕೆಲಸ ಆಗುವುದಿಲ್ಲ ಅಂದೆ. ಮನೆಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ. ಅವರು ಹೇಳಿದ್ದು ಸರಿ ಇತ್ತು. ಆಗಸ್ಟ್‌ನಲ್ಲಿ ನಾವು ಕೇಳಿದ್ದು ಸೋರುವುದು ನಿಲ್ಲಬೇಕಾ ಅಂತ. ನವೆಂಬರಿನ ಪ್ರಶ್ನೆ, ಇಷ್ಟು ದುಡ್ಡಿಗೆ, ಟೆರೇಸ್ ಕಳೆದುಕೊಂಡು, ಈ ಶೀಟ್ ಬೇಕಾ ಅಂತ. ಎರಡೂ ಒಂದೇ ಅಂತ ಹೇಳಿ ಅವರ ಬಾಯಿ ಮುಚ್ಚಿಸಿದ್ದು ನನ್ನ ತಪ್ಪು.

ಗೆದ್ದವರಿಗೆ ಮೋಸ ಆಗುವುದು ಯಾವಾಗ ಅಂದ್ರೆ, ಅವರು ಗೆದ್ದದ್ದನ್ನು ಲೆಕ್ಕಕ್ಕೇ ಇಡದೆ ಮತ್ತೆ ಮೊದಲಿಂದ ಶುರು ಮಾಡಿದರೆ. ಅವರು ಹೇಳಿದ ದಾರಿಯಲ್ಲೇ ಹೋಗಿ, ಅದರಲ್ಲಿ ಸಿಕ್ಕ ಒಪ್ಪಂದವನ್ನೇ ಅವರ ಮುಂದೆ ಇಟ್ಟರೆ ಅದು ಮೋಸ ಅಲ್ಲ.

ಹೀಗೆ ಎರಡು ಸಲ ಕೇಳಿದ ದೇಶಗಳು ಉಂಟಾ?

ಉಂಟು. ಡೆನ್ಮಾರ್ಕಿನಲ್ಲಿ 1992ರ ಜೂನಿನಲ್ಲಿ, ಐರೋಪ್ಯ ಒಕ್ಕೂಟವನ್ನು ಕಟ್ಟುವ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಶೇ. 50.7 ಜನ ಬೇಡ ಅಂದರು. ಸರ್ಕಾರ ವಾಪಸ್ ಹೋಗಿ ಮಾತಾಡಿ, ಒಂದೇ ನಾಣ್ಯ, ರಕ್ಷಣೆ ಮುಂತಾದ ನಾಲ್ಕು ವಿಷಯಗಳಲ್ಲಿ ಡೆನ್ಮಾರ್ಕಿಗೆ ವಿನಾಯಿತಿ ತಂದಿತು. 1993ರ ಮೇಯಲ್ಲಿ ಶೇ. 56.7 ಜನ ಒಪ್ಪಿದರು. ಎಲ್ಲರಿಗೂ ಸಮಾಧಾನ ಆಯಿತು ಅಂತ ಅಲ್ಲ. ಆ ರಾತ್ರಿ ಕೋಪನ್‌ಹೇಗನ್‌ನಲ್ಲಿ ಗಲಭೆ ಆಗಿ ಪೊಲೀಸರು ಗುಂಡು ಹಾರಿಸಿದರು. ಆದರೆ ಆ ವಿನಾಯಿತಿಗಳು ಬರೀ ಮಾತಾಗಿರಲಿಲ್ಲ. ರಕ್ಷಣೆಯ ವಿನಾಯಿತಿ ತೆಗೆಯಲಿಕ್ಕೆ 2022ರಲ್ಲಿ ಮತ್ತೆ ಜನರನ್ನೇ ಕೇಳಬೇಕಾಯಿತು.

ಐರ್ಲೆಂಡ್ ಎರಡು ಸಲ ಹೀಗೆ ಮಾಡಿದೆ, ಎರಡೂ ಒಕ್ಕೂಟದ ನಿಯಮ ಬದಲಿಸುವ ಒಪ್ಪಂದಗಳು. ನೀಸ್ ಒಪ್ಪಂದ 2001ರಲ್ಲಿ ಸೋತು 2002ರಲ್ಲಿ ಗೆದ್ದಿತು. ಲಿಸ್ಬನ್ ಒಪ್ಪಂದ 2008ರಲ್ಲಿ ಶೇ. 53.4 ಜನರ ಬೇಡದಿಂದ ಬಿತ್ತು, 2009ರ ಅಕ್ಟೋಬರಿನಲ್ಲಿ ಶೇ. 67.1 ಜನರ ಹೌದಿನಿಂದ ಪಾಸಾಯಿತು. ಮಧ್ಯದಲ್ಲಿ ತೆರಿಗೆ, ತಟಸ್ಥ ನೀತಿ, ಗರ್ಭಪಾತದ ಕಾನೂನು ಇವುಗಳ ಬಗ್ಗೆ ಐರ್ಲೆಂಡಿಗೆ ಬರಹದಲ್ಲಿ ಭರವಸೆ ಸಿಕ್ಕಿತ್ತು. ಆರ್ಥಿಕ ಕುಸಿತವೂ ಆಗಿತ್ತು, ಅದರ ಭಯವೂ ಕೆಲಸ ಮಾಡಿತು ಅನ್ನುವುದನ್ನು ಮುಚ್ಚಿಡಬಾರದು.

ಅಂದ್ರೆ ಬೇಕಾದ ಉತ್ತರ ಬರುವ ತನಕ ಕೇಳ್ತಾ ಇರುವುದು. ಹೌದು ಅಂದಾಗ ಯಾರೂ ಮತ್ತೆ ಕೇಳುವುದಿಲ್ಲ, ಬೇಡ ಅಂದಾಗ ಮಾತ್ರ ಕೇಳ್ತಾರೆ. ಇದು ನ್ಯಾಯವಾ?

ಕಾಲೇಜಿನ ಹುಡುಗಿಯೊಬ್ಬಳು ಮೇಜು ಕುಟ್ಟಿ ಕೇಳಿದ ಪ್ರಶ್ನೆ ಇದು, ಅವಳಿಗೇ ಮೊದಲ ಬಹುಮಾನ ಹೋಯಿತು. ಅವಳು ಹೇಳಿದ್ದರಲ್ಲಿ ಸತ್ಯ ಉಂಟು. ಐರೋಪ್ಯ ಒಕ್ಕೂಟದ ಒಪ್ಪಂದಗಳ ವಿಷಯದಲ್ಲಿ ಎರಡನೇ ಅವಕಾಶ ಒಂದೇ ದಿಕ್ಕಿಗೆ ಸಿಕ್ಕಿದೆ. ಇನ್ನೂ ಕೆಟ್ಟದ್ದು ಅಂದ್ರೆ 2005ರಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಜನ ಒಕ್ಕೂಟದ ಸಂವಿಧಾನ ಬೇಡ ಅಂದ ಮೇಲೆ, ಅದರ ಬಹುಪಾಲು ವಿಷಯವನ್ನು ಲಿಸ್ಬನ್ ಒಪ್ಪಂದದ ಒಳಗೆ ಇಟ್ಟು, ಆ ಎರಡು ದೇಶಗಳಲ್ಲಿ ಜನರನ್ನು ಕೇಳದೆ ಪಾರ್ಲಿಮೆಂಟಿನಲ್ಲೇ ಮುಗಿಸಿಬಿಟ್ಟರು. ಬೇಡ ಅಂದವರಿಗೆ ಎರಡನೇ ಸಲ ಬೇಡ ಅನ್ನುವ ಅವಕಾಶವೂ ಸಿಗಲಿಲ್ಲ.

ಆದ್ದರಿಂದ ನನ್ನ ಅಳತೆಗೋಲು ಇದು. ಮೊದಲ ಮತದ ನಂತರ ಚೀಟಿಯಲ್ಲಿ ಏನಾದರೂ ನಿಜವಾಗಿ ಬದಲಾಗಿದೆಯಾ? ಡೆನ್ಮಾರ್ಕಿನಲ್ಲಿ ಬದಲಾಗಿತ್ತು. ಬ್ರಿಟನ್ನಿನಲ್ಲೂ ಬದಲಾಗಿತ್ತು, 2016ರಲ್ಲಿ ಇಲ್ಲದ ಒಂದು ದಪ್ಪ ಒಪ್ಪಂದ 2018ರಲ್ಲಿ ಕೈಯಲ್ಲಿತ್ತು. ಫಲಿತಾಂಶ ಬಂದ ವಾರವೇ ಮತ್ತೆ ಮತದಾನ ಬೇಕು ಅಂತ 40 ಲಕ್ಷಕ್ಕಿಂತ ಜಾಸ್ತಿ ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆ ವಾರ ಬದಲಾದದ್ದು ಏನೂ ಇರಲಿಲ್ಲ, ಸೋತ ನೋವು ಬಿಟ್ಟರೆ.

ಎಷ್ಟು ವರ್ಷ ಬಿಟ್ಟು ಕೇಳಬಹುದು?

ಇದಕ್ಕೆ ಒಂದೇ ನಿಯಮ ಇಲ್ಲ. ಬ್ರಿಟನ್ನಿನಲ್ಲೇ 1975ರ ಜೂನ್ 5ರಂದು ಇದೇ ವಿಷಯಕ್ಕೆ ಮತದಾನ ಆಗಿ ಶೇ. 67 ಜನ ಉಳಿಯೋಣ ಅಂದಿದ್ದರು. 41 ವರ್ಷದ ನಂತರ ಮತ್ತೆ ಕೇಳಿದ್ದೇ 2016ರಲ್ಲಿ. ಆ ಲೆಕ್ಕದಲ್ಲಿ ಎರಡನೇ ಜನಮತಗಣನೆ ಆಗಿಯೇ ಹೋಗಿದೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯ ಸ್ವತಂತ್ರ ಆಗಬೇಕಾ ಅಂತ 1980ರಲ್ಲಿ ಕೇಳಿದರು, 1995ರಲ್ಲಿ ಮತ್ತೆ ಕೇಳಿದರು. ಎರಡನೇ ಸಲ ಬೇಡ ಅಂದವರು ಶೇ. 50.58. ಒಂದು ದೇಶ ಕೂದಲೆಳೆಯಲ್ಲಿ ಉಳಿಯಿತು. ಆಮೇಲೆ ಕೆನಡಾ 2000ದಲ್ಲಿ ಕಾನೂನು ಮಾಡಿ, ಪ್ರಶ್ನೆ ಸ್ಪಷ್ಟ ಇರಬೇಕು, ಬಹುಮತವೂ ಸ್ಪಷ್ಟ ಇರಬೇಕು ಅಂದಿತು. ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲಿ ಇರಬೇಕಾ, ಐರ್ಲೆಂಡಿಗೆ ಸೇರಬೇಕಾ ಅನ್ನುವ ಮತದಾನಕ್ಕೆ 1998ರ ಕಾನೂನಿನಲ್ಲಿ ಕನಿಷ್ಠ ಏಳು ವರ್ಷದ ಅಂತರ ಬರೆದಿದ್ದಾರೆ. ಇದು ನನಗೆ ಇಷ್ಟ. ಮೊದಲೇ ಬರೆದಿಟ್ಟರೆ ಸೋತವರು ಏಳು ವರ್ಷ ಕಾಯುತ್ತಾರೆ, ಗೆದ್ದವರು ಏಳು ವರ್ಷ ಸರಿಯಾಗಿ ನಡೆಸಿ ತೋರಿಸುತ್ತಾರೆ. ಸ್ಕಾಟ್ಲೆಂಡಿನಲ್ಲಿ ಹಾಗೆ ಬರೆದಿಡಲಿಲ್ಲ. 2014ರಲ್ಲಿ ಶೇ. 55 ಜನ ಬ್ರಿಟನ್ನಿನಲ್ಲೇ ಇರೋಣ ಅಂದರು, ಎರಡು ವರ್ಷದಲ್ಲಿ ಬ್ರೆಕ್ಸಿಟ್ ಬಂತು, ನಾವು ಉಳಿದ ಬ್ರಿಟನ್ನೇ ಬೇರೆ ಆಯ್ತಲ್ಲ ಅಂತ ಅವರು ಮತ್ತೆ ಕೇಳಿದರು. 2022ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಲಂಡನ್ನಿನ ಒಪ್ಪಿಗೆ ಇಲ್ಲದೆ ಸ್ಕಾಟಿಷ್ ಪಾರ್ಲಿಮೆಂಟ್ ಇದನ್ನು ಮಾಡುವ ಹಾಗಿಲ್ಲ ಅಂದಿತು. ಅಲ್ಲಿಗೆ ಬಾಗಿಲು ಮುಚ್ಚಿತು, ಜಗಳ ಮುಗಿಯಲಿಲ್ಲ.

ಸುಳ್ಳು ಹೇಳಿ ಗೆದ್ದರೆ?

ಬ್ರೆಕ್ಸಿಟ್ ಪ್ರಚಾರದ ಕೆಂಪು ಬಸ್ಸಿನ ಮೇಲೆ, ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗ್ತಾ ಉಂಟು, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಅನ್ನುವ ಅರ್ಥದ ಮಾತು ಬರೆದಿತ್ತು. ವಾಪಸ್ ಬರುವ ದುಡ್ಡನ್ನು ಕಳೆಯದೇ ಹಾಕಿದ ಲೆಕ್ಕ ಅದು. ನನ್ನ ತಂಗಿಯ ಆಸ್ಪತ್ರೆಯಲ್ಲಿ ಆ ಬಸ್ಸಿನ ಮಾತು ನಂಬಿ ಮತ ಹಾಕಿದವರು ಇದ್ದರು.

ಆದರೂ ಸುಳ್ಳು ಒಂದೇ ಕಾರಣಕ್ಕೆ ಮತ್ತೆ ಮತದಾನ ಅಂದರೆ ಯಾವ ಚುನಾವಣೆಯೂ ಉಳಿಯುವುದಿಲ್ಲ. ಸರ್ಕಾರವೇ ತಪ್ಪು ಲೆಕ್ಕ ಕೊಟ್ಟರೆ ಅದು ಬೇರೆ ಮಾತು. ಸ್ವಿಟ್ಜರ್ಲೆಂಡಿನಲ್ಲಿ 2016ರ ಫೆಬ್ರವರಿಯಲ್ಲಿ ಮದುವೆಯಾದವರ ತೆರಿಗೆ ಬಗ್ಗೆ ಮತದಾನ ಆಯಿತು. ಜಾಸ್ತಿ ತೆರಿಗೆ ಕಟ್ಟುವ, ಇಬ್ಬರೂ ದುಡಿಯುವ ಜೋಡಿಗಳು ಸುಮಾರು 80,000 ಅಂತ ಸರ್ಕಾರ ಹೇಳಿತ್ತು. ಪ್ರಸ್ತಾಪ ಶೇ. 50.8 ವಿರೋಧದಿಂದ ಬಿತ್ತು. ಆಮೇಲೆ ಗೊತ್ತಾಯಿತು, ನಿಜವಾದ ಸಂಖ್ಯೆ 4,54,000! 2019ರ ಏಪ್ರಿಲಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಫಲಿತಾಂಶವನ್ನೇ ರದ್ದು ಮಾಡಿತು. ಅಂತರ ಅಷ್ಟು ಸಣ್ಣದು, ತಪ್ಪು ಅಷ್ಟು ದೊಡ್ಡದು, ಹಾಗಾಗಿ. ನಾನು ಇದನ್ನು ಕಾಲೇಜಿನಲ್ಲಿ ಹೇಳಿದಾಗ ಮಕ್ಕಳು ಪೆನ್ನು ತೆಗೆದು ಬರೆದುಕೊಂಡರು.

52ಕ್ಕೆ 48 ಸಾಕಾ? ಮೂರನೇ ಎರಡು ಬಹುಮತ ಬೇಡ್ವಾ?

ಮೊದಲೇ ನಿಯಮ ಮಾಡಿದ್ದರೆ ಸರಿ. ಫಲಿತಾಂಶ ಬಂದ ಮೇಲೆ ಗೆರೆ ಎತ್ತರಿಸುವುದು ಮಾತ್ರ ಆಗುವುದಿಲ್ಲ. ಮೊದಲೇ ಮಾಡಿದರೂ ಕಷ್ಟ ಉಂಟು. ಸ್ಕಾಟ್ಲೆಂಡಿನಲ್ಲಿ 1979ರಲ್ಲಿ ಸ್ವಂತ ವಿಧಾನಸಭೆ ಬೇಕಾ ಅಂದಾಗ ಶೇ. 51.6 ಜನ ಹೌದು ಅಂದಿದ್ದರು. ಆದರೆ ಒಟ್ಟು ಮತದಾರರಲ್ಲಿ ಶೇ. 40 ಆಗಬೇಕು ಅಂತ ನಿಯಮ ಇತ್ತು, ಆದದ್ದು ಶೇ. 33ರಷ್ಟು. ಗೆದ್ದೂ ಸೋತರು. ಆ ಸಿಟ್ಟು 18 ವರ್ಷ ಉಳಿಯಿತು, 1997ರಲ್ಲಿ ಮತ್ತೆ ಕೇಳಿದಾಗ ಶೇ. 74 ಜನ ಹೌದು ಅಂದರು.

ಹಳಬರು ತೀರಿಹೋದರು, ಹೊಸಬರಿಗೆ 18 ಆಯ್ತು. ಅದಕ್ಕಾಗಿ ಮತ್ತೆ ಕೇಳಬಾರದಾ?

ಈ ವಾದ ನನಗೆ ಇಷ್ಟವೇ ಇಲ್ಲ. ನನ್ನ ಅಪ್ಪ ಹಾಕಿದ ಮತ ಅವರು ತೀರಿಕೊಂಡ ದಿನ ಅಳಿಸಿಹೋಗಬೇಕಾ?

ಪಾರ್ಲಿಮೆಂಟ್ ಇರುವುದು ಯಾಕೆ? ಅವರೇ ತಿದ್ದಬಹುದಲ್ಲ?

ಕಾನೂನಿನಲ್ಲಿ ತಿದ್ದಬಹುದಿತ್ತು. ಬ್ರಿಟನ್ನಿನ ಮತದಾನ ಬರೀ ಸಲಹೆ. 2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ, ಹೊರಬರುವ ನೋಟಿಸ್ ಕೊಡಲಿಕ್ಕೆ ಪಾರ್ಲಿಮೆಂಟಿನ ಕಾನೂನು ಬೇಕು ಅಂತ ತೀರ್ಪು ಕೊಟ್ಟಿತು. ಆದರೆ ಜನರ ಕೈಯಲ್ಲಿ ಕೊಟ್ಟದ್ದನ್ನು ಜನರಿಂದಲೇ ವಾಪಸ್ ಪಡೆಯಬೇಕು ಅಂತ ನನ್ನ ಅಭಿಪ್ರಾಯ. 2015ರ ಜುಲೈಯಲ್ಲಿ ಗ್ರೀಸಿನ ಶೇ. 61 ಜನ ಸಾಲದ ಷರತ್ತು ಬೇಡ ಅಂದರು. ಒಂದು ವಾರದಲ್ಲಿ ಅವರ ಸರ್ಕಾರವೇ ಕಠಿಣ ಷರತ್ತು ಒಪ್ಪಿ ಬಂತು. ಕೊಲಂಬಿಯಾದಲ್ಲಿ 2016ರ ಅಕ್ಟೋಬರಿನಲ್ಲಿ ಬಂಡುಕೋರರ ಜೊತೆಗಿನ ಶಾಂತಿ ಒಪ್ಪಂದ ಶೇ. 50.2 ಬೇಡದಿಂದ ಬಿತ್ತು, ತಿದ್ದಿದ ಒಪ್ಪಂದವನ್ನು ನವೆಂಬರಿನಲ್ಲಿ ಅಲ್ಲಿನ ಪಾರ್ಲಿಮೆಂಟೇ ಪಾಸು ಮಾಡಿತು. ಅರ್ಧ ಶತಮಾನದ ಯುದ್ಧ ನಿಲ್ಲಿಸುವ ಅವಸರ ಇತ್ತು, ಅರ್ಥ ಆಗುತ್ತದೆ. ಆದರೂ ತಿದ್ದಿದ್ದನ್ನು ಜನರಿಗೇ ತೋರಿಸಿದ್ದರೆ ಒಪ್ಪುತ್ತಿದ್ದರೋ ಏನೋ ಅನ್ನುವ ನೋವು ನನಗೆ ಉಂಟು.

ನಮ್ಮ ದೇಶದಲ್ಲಿ ಜನಮತಗಣನೆ ಆಗಿದೆಯಾ?

ಕೆಲವು ಆಗಿವೆ. 1948ರಲ್ಲಿ ಜುನಾಗಢ, 1975ರಲ್ಲಿ ಸಿಕ್ಕಿಂ. ನಮಗೆ ತೀರಾ ಹತ್ತಿರದ್ದು ಗೋವಾ. 1967ರ ಜನವರಿ 16ರಂದು, ಮಹಾರಾಷ್ಟ್ರಕ್ಕೆ ಸೇರುವುದಾ, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದಾ ಅಂತ ಕೇಳಿದರು. ಸೇರುವವರಿಗೆ ಹೂವಿನ ಗುರುತು, ಬೇರೆ ಇರುವವರಿಗೆ ಎರಡು ಎಲೆ. 1,72,191 ಮತ ಎರಡೆಲೆಗೆ, 1,38,170 ಹೂವಿಗೆ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಹಿರಿಯರು ಆ ದಿನದ ಮಾತು ಈಗಲೂ ಆಡುತ್ತಾರೆ. ಗಮನಿಸಿ, ಸ್ವಂತ ರಾಜ್ಯ ಅನ್ನುವ ಮೂರನೇ ಆಯ್ಕೆ ಆ ಚೀಟಿಯಲ್ಲೇ ಇರಲಿಲ್ಲ. ಅದು ಸಿಗಲಿಕ್ಕೆ 1987ರ ಮೇ 30ರ ತನಕ ಕಾಯಬೇಕಾಯಿತು.

ಇಡೀ ದೇಶಕ್ಕೆ ಜನಮತಗಣನೆ ಮಾಡುವ ಅವಕಾಶ ನಮ್ಮ ಸಂವಿಧಾನದಲ್ಲಿ ಇಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ ಜನತಾ ಸರ್ಕಾರ, ಸಂವಿಧಾನದ ಮೂಲಭೂತ ಅಂಶಗಳನ್ನು ಮುಟ್ಟುವುದಾದರೆ ಜನರನ್ನು ಕೇಳಲೇಬೇಕು ಅಂತ ತಿದ್ದುಪಡಿ ತಂದಿತ್ತು. 1978ರಲ್ಲಿ ರಾಜ್ಯಸಭೆ ಆ ಭಾಗವನ್ನು ಒಪ್ಪಲಿಲ್ಲ.

ಮೂಲಭೂತ ಅಂಶ ಅಂದಾಗ ಎಡನೀರು ಮಠ ನೆನಪಾಗಲೇಬೇಕು. ಕಾಸರಗೋಡಿನ ಹತ್ತಿರದ ಆ ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಭೂಸುಧಾರಣೆ ಕಾನೂನಿನ ವಿರುದ್ಧ ಹಾಕಿದ ಕೇಸಿನಲ್ಲೇ 1973ರ ಏಪ್ರಿಲ್ 24ರ ತೀರ್ಪು ಬಂದದ್ದು. 13 ಜಡ್ಜ್‌ಗಳು, 7ಕ್ಕೆ 6. ಪಾರ್ಲಿಮೆಂಟಿಗೂ ಸಂವಿಧಾನದ ಮೂಲ ರಚನೆ ಕೆಡವುವ ಅಧಿಕಾರ ಇಲ್ಲ ಅಂತ. ಬ್ರೆಕ್ಸಿಟ್‌ಗಿಂತ ಸ್ವಲ್ಪವೇ ಜಾಸ್ತಿ ಅಂತರ! 1975ರ ನವೆಂಬರಿನಲ್ಲಿ, ತುರ್ತು ಪರಿಸ್ಥಿತಿಯ ಮಧ್ಯೆ, ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಅವರು ಮತ್ತೆ 13 ಜಡ್ಜ್‌ಗಳನ್ನು ಕೂರಿಸಿ ಅದನ್ನು ಮರುಪರಿಶೀಲನೆಗೆ ತಂದರು. ವಕೀಲ ನಾನಿ ಪಾಲ್ಖಿವಾಲಾ ಆ ಮರುಪರಿಶೀಲನೆಯ ವಿರುದ್ಧ ವಾದ ಮಾಡಿದರು. ಎರಡೇ ದಿನದಲ್ಲಿ ಆ ಪೀಠವನ್ನು ಬರ್ಖಾಸ್ತು ಮಾಡಬೇಕಾಯಿತು. ಹೊಸ ಪ್ರಶ್ನೆ ಇಲ್ಲ, ಹೊಸ ಸಂಗತಿ ಇಲ್ಲ, ಆಳುವವರಿಗೆ ಮೊದಲ ಉತ್ತರ ಬೇಡವಾಗಿತ್ತು ಅಷ್ಟೇ. ಎರಡನೇ ಸಲ ಕೇಳಬಾರದ ಜಾಗ ಯಾವುದು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಕಾಸರಗೋಡಿನ ಜನರನ್ನು ಕೇಳಿದ್ದಾರಾ?

ಇಲ್ಲ. 1956ರ ನವೆಂಬರ್ 1ಕ್ಕೆ ಅದು ಕೇರಳಕ್ಕೆ ಹೋಯಿತು. ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ಜೀವನಪೂರ್ತಿ ಹೋರಾಡಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿತು, ಜಾರಿ ಆಗಲಿಲ್ಲ. ಅಲ್ಲಿ ಎರಡನೇ ಸಲದ ಮಾತು ಬಿಡಿ, ಮೊದಲನೇ ಸಲವೇ ಯಾರೂ ಚೀಟಿ ಕೊಟ್ಟಿಲ್ಲ.

ಹಾಗಾದ್ರೆ ಸರಿಯಾಗಿ ಕೇಳುವುದು ಹೇಗೆ?

ನ್ಯೂಜಿಲೆಂಡ್ ಮಾಡಿದ ಹಾಗೆ. ಚುನಾವಣೆಯ ಪದ್ಧತಿ ಬದಲಾಗಬೇಕಾ ಅಂತ 1992ರಲ್ಲಿ ಕೇಳಿದರು. ಅದೇ ಚೀಟಿಯಲ್ಲಿ, ಬದಲಾಗುವುದಾದರೆ ಈ ನಾಲ್ಕರಲ್ಲಿ ಯಾವುದು ಅಂತಲೂ ಕೇಳಿದರು. ಗೆದ್ದದ್ದನ್ನು ತಕ್ಷಣ ಜಾರಿ ಮಾಡಲಿಲ್ಲ. ಕಾನೂನು ಪೂರ್ತಿ ಬರೆದು, ಜನರ ಕೈಗೆ ಕೊಟ್ಟು, 1993ರಲ್ಲಿ ಹಳೇದಾ ಹೊಸದಾ ಅಂತ ಮತ್ತೆ ಕೇಳಿದರು. ಶೇ. 53.9 ಹೊಸದಕ್ಕೆ. 2011ರಲ್ಲಿ ಬಳಸಿ ನೋಡಿ ಹೇಗನಿಸಿತು ಅಂತ ಇನ್ನೊಮ್ಮೆ ಕೇಳಿದರು, ಸುಮಾರು ಶೇ. 58 ಜನ ಇರಲಿ ಅಂದರು. ಇನ್ನೊಮ್ಮೆ ಕೇಳುತ್ತೇವೆ ಅಂತ ಮೊದಲೇ ಗೊತ್ತಿದ್ದ ಕಾರಣ ಮೋಸ ಹೋದೆವು ಅನ್ನುವ ಭಾವನೆಗೆ ಜಾಗ ಕಡಿಮೆ ಇತ್ತು.

ಬ್ರಿಟನ್ನಿನಲ್ಲಿ 2015ರ ಕಾನೂನಿನಲ್ಲೇ ಹೀಗೆ ಒಂದು ಸಾಲು ಬರೆದಿದ್ದರೆ ಎಷ್ಟೋ ಮನೆಗಳಲ್ಲಿ ಅಪ್ಪ ಮಕ್ಕಳು ಮಾತು ಬಿಡುವುದು ತಪ್ಪುತ್ತಿತ್ತು ಅಂತ ನನ್ನ ತಂಗಿ ಹೇಳುತ್ತಾಳೆ.

ನಿಮ್ಮ ಫ್ಲ್ಯಾಟಿನ ಶೀಟ್ ಏನಾಯ್ತು?

ಡಿಸೆಂಬರಿನಲ್ಲಿ ಮತ್ತೆ ಮೀಟಿಂಗ್ ಕರೆಯಲಿಕ್ಕೆ ನಾನೇ ಸಹಿ ಸಂಗ್ರಹ ಮಾಡಿದೆ, ಮೊದಲ ಸಹಿ ಟೀಚರದ್ದು. ಅಷ್ಟರಲ್ಲಿ ಕಾಂಟ್ರಾಕ್ಟರ್ ಜೊತೆ ಮಾತಾಡಿ ಎರಡು ವಿಷಯ ಬದಲಿಸಿದೆವು. ಸೋಲಾರ್ ಟ್ಯಾಂಕ್ ಕೂರಿಸುವ ಖರ್ಚು ಅದೇ 12 ಲಕ್ಷದೊಳಗೆ, ಮತ್ತೆ ಪೂರ್ವದ ಮೂಲೆಯಲ್ಲಿ ಒಂದಿಷ್ಟು ಜಾಗ ಬಿಸಿಲಿಗೆ ಬಿಡುವುದು. ಈ ಸಲ ಕೈ ಎತ್ತಿಸಲಿಲ್ಲ, ಹಳೇ ಕ್ಯಾಲೆಂಡರಿನ ಹಿಂದಿನ ಹಾಳೆ ಹರಿದು ಚೀಟಿ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಹಾಕಿಸಿದೆವು. 16 ಬೇಕು, 8 ಬೇಡ. ಟೀಚರ್ ಬೇಡ ಅಂತಲೇ ಬರೆದರಂತೆ, ಅವರೇ ಹೇಳಿದರು. ಮರುದಿನ ಬೆಳಿಗ್ಗೆ ಸೆಕ್ರೆಟರಿ ಮನೆಗೆ ಹೋಗಿ 50,000ದ ಚೆಕ್ ಮೊದಲು ಕೊಟ್ಟವರೂ ಅವರೇ. ಏಪ್ರಿಲಿನಲ್ಲಿ ಆ ಪೂರ್ವದ ಮೂಲೆಯಲ್ಲಿ ಅವರ ಚಾಪೆ ಇತ್ತು, ಜಾಗ ಸಾಲದೆ ಅರ್ಧ ಹಪ್ಪಳ ನಮ್ಮ ಬಾಲ್ಕನಿಯಲ್ಲಿ ಒಣಗಿತು.